ಕೃಷಿ ಮಂತ್ರಿಗೆ ಖಜಾನೆ ಕೊಡಿ

ಜೂನ್ 5 ಹತ್ತಿರ ಬಂತು ಅಂದ್ರೆ ಸಾಕು, ಆಫೀಸಿನ ಇನ್‌ಬಾಕ್ಸಿಗೆ ಒಂದು ಮೇಲ್ ಬಂದು ಬೀಳುತ್ತೆ. ವಿಶ್ವ ಪರಿಸರ ದಿನದ ಅಂಗವಾಗಿ ಸರ್ಕಾರಿ ಶಾಲೆಯೊಂದರಲ್ಲಿ ಕೈತೋಟ ಮಾಡಲಿದ್ದೇವೆ, ಆಸಕ್ತರು ಹೆಸರು ಕೊಡಿ, ಟೀ ಶರ್ಟ್ ಸೈಜ್ ತಿಳಿಸಿ, ಬಸ್ಸು ಏಳೂವರೆಗೆ ಹೊರಡುತ್ತೆ. ಜನ ಹೋಗ್ತಾರೆ. ಗುಂಡಿ ಹಿಂದಿನ ದಿನವೇ ತೋಡಿಸಿಟ್ಟಿರುತ್ತಾರೆ. ಸಸಿ ನರ್ಸರಿಯಿಂದ ಬಂದಿರುತ್ತೆ. ಬಂದವರು ಮಾಡಬೇಕಾದ್ದು ಇಷ್ಟೇ: ಸಸಿಯನ್ನು ಗುಂಡಿಗೆ ಇಟ್ಟು, ಅಕ್ಕಪಕ್ಕ ಇಬ್ಬರು ಮಕ್ಕಳನ್ನು ನಿಲ್ಲಿಸಿಕೊಂಡು, ಕ್ಯಾಮೆರಾ ಕಡೆ ನೋಡಿ ನಗೋದು. ಮಧ್ಯಾಹ್ನದೊಳಗೆ ಬಸ್ಸು ವಾಪಸ್. ಸಂಜೆಗೆ ಲಿಂಕ್ಡ್‌ಇನ್‌ನಲ್ಲಿ ಪೋಸ್ಟ್.

ಮುಂದಿನ ಏಪ್ರಿಲ್‌ನಲ್ಲಿ ಅದೇ ಶಾಲೆಗೆ ಹೋಗಿ ನೋಡಿದವರು ಯಾರಾದ್ರೂ ಇದ್ದೀರಾ? ಏಪ್ರಿಲ್ ಎರಡನೇ ವಾರದ ಹೊತ್ತಿಗೆ ಬೇಸಿಗೆ ರಜೆ ಶುರುವಾಗುತ್ತೆ. ಮೇ ಮುಗಿಯೋವರೆಗೆ ಗೇಟಿಗೆ ಬೀಗ. ವರ್ಷದ ಅತಿ ಕೆಟ್ಟ ಬಿಸಿಲಿನ ಏಳು ವಾರ ಆ ಸಸಿಗೆ ನೀರು ಹಾಕೋಕೆ ಒಂದು ನರಪಿಳ್ಳೆಯೂ ಇರಲ್ಲ. ಇದನ್ನು ಕಂಡುಹಿಡಿಯೋಕೆ ಕೃಷಿ ವಿಶ್ವವಿದ್ಯಾಲಯದ ಪದವಿ ಬೇಡ, ಗೋಡೆಗೆ ತೂಗು ಹಾಕಿದ ಕ್ಯಾಲೆಂಡರ್ ಸಾಕು. ಆನ್-ಕಾಲ್‌ನಲ್ಲಿ ಯಾರಿದ್ದಾರೆ ಅಂತ ಗೊತ್ತಿಲ್ಲದೆ ನಾವು ಒಂದು ಸಣ್ಣ ಸರ್ವಿಸನ್ನೂ ಪ್ರೊಡಕ್ಷನ್‌ಗೆ ಬಿಡಲ್ಲ. ಆದರೆ ಸರ್ಕಾರಿ ಶಾಲೆಯ ಅಂಗಳಕ್ಕೆ ಐವತ್ತು ಗಿಡಗಳನ್ನು ಬಿಟ್ಟು ಬರ್ತೀವಿ.

ಒಣಗಿದ ಸಸಿಗಳ ಬಗ್ಗೆ ಅಳೋದು ಈ ಬರಹದ ಉದ್ದೇಶ ಅಲ್ಲ. ಸಸಿ ಸತ್ತರೆ ಇನ್ನೊಂದು ನೆಡಬಹುದು. ನನ್ನ ತಕರಾರು ಆ ಫೋಟೋದಲ್ಲಿರುವ ಮಕ್ಕಳ ಬಗ್ಗೆ. ಅದು ಅವರ ಶಾಲೆ, ಅವರ ಅಂಗಳ, ಅವರ ಊಟದ ತಟ್ಟೆ. ಆದರೆ ಏನು ನೆಡಬೇಕು, ಎಲ್ಲಿ ನೆಡಬೇಕು, ಬಂದದ್ದನ್ನು ಏನು ಮಾಡಬೇಕು ಅಂತ ಅವರನ್ನು ಯಾರೂ ಒಂದು ಮಾತು ಕೇಳಿರಲ್ಲ. ಶಾಲಾ ತೋಟವನ್ನು ಮಕ್ಕಳೇ ನಡೆಸಬೇಕು. ನಿರ್ಧಾರ, ಲೆಕ್ಕದ ಪುಸ್ತಕ, ದುಡ್ಡು ಮೂರೂ ಅವರ ಕೈಯಲ್ಲಿರಬೇಕು. ಹಾಗೆ ಮಾಡೋಕೆ ಮನಸ್ಸಿಲ್ಲದಿದ್ದರೆ ತೋಟವೇ ಬೇಡ, ಅಂಗಳದಲ್ಲಿ ಕಬಡ್ಡಿ ಆಡಿಕೊಳ್ಳಲಿ.

ನಮ್ಮಲ್ಲಿ ಈಗ ಎರಡು ಬಗೆಯ ಶಾಲಾ ತೋಟಗಳಿವೆ. ಮೊದಲನೆಯದು ನಗರದ ದುಬಾರಿ ಶಾಲೆಗಳದ್ದು. ಅಲ್ಲಿ ಮಗು ಗಮ್‌ಬೂಟ್ ಹಾಕಿಕೊಂಡು, ಮಾಲಿ ಹದ ಮಾಡಿಟ್ಟ ಮಣ್ಣಿನಲ್ಲಿ ಒಂದು ಬೀಜ ಊರುತ್ತೆ. ಕಳೆ ಕೀಳೋದು, ಗೊಬ್ಬರ ಹೊರೋದು, ಹುಳ ಆರಿಸೋದು ಎಲ್ಲ ಮಾಲಿಯ ಪಾಲು. ಇದಕ್ಕೆ 'ಎಕ್ಸ್‌ಪೀರಿಯೆನ್ಷಿಯಲ್ ಲರ್ನಿಂಗ್' ಅಂತ ಹೆಸರು, ಫೀಸಿನಲ್ಲಿ ಅದಕ್ಕೂ ಒಂದು ಪಾಲು. ಎರಡನೆಯದು ಸರ್ಕಾರಿ ಶಾಲೆಯದ್ದು. ಅಲ್ಲಿ ಮಗು ನೀರು ಹೊರುತ್ತೆ, ಕಲ್ಲು ಆರಿಸುತ್ತೆ, ಬೇಲಿ ಕಟ್ಟುತ್ತೆ. ಅದಕ್ಕೆ 'ಶ್ರಮದಾನ' ಅಂತ ಹೆಸರು. ಗುದ್ದಲಿ ಅದೇ, ಮಣ್ಣು ಅದೇ. ಒಂದು ಕಡೆ ದುಡ್ಡು ಕೊಟ್ಟು ಕೆಲಸದ ಆಟ ಆಡ್ತಾರೆ, ಇನ್ನೊಂದು ಕಡೆ ಬಿಟ್ಟಿ ಚಾಕರಿ ಮಾಡ್ತಾರೆ. ಎರಡೂ ಕಡೆ ಮಗುವಿಗೆ ಸಿಗದೇ ಇರೋದು ಒಂದೇ: ಆ ತೋಟದ ಯಜಮಾನಿಕೆ.

ನಾನು ಓದಿದ ಹಳ್ಳಿ ಶಾಲೆಯಲ್ಲೂ ತೋಟ ಇತ್ತು. ಸಾಲಾಗಿ ನಿಂತು ಬೋರ್‌ವೆಲ್‌ನಿಂದ ಕೊಡ ದಾಟಿಸ್ತಿದ್ವಿ. ಬದನೆಕಾಯಿ ಚೆನ್ನಾಗೇ ಬಿಡ್ತಿತ್ತು. ಅದು ಯಾರ ಮನೆಯ ಸಾರಿಗೆ ಹೋಗ್ತಿತ್ತು ಅಂತ ಎಲ್ಲರಿಗೂ ಗೊತ್ತಿತ್ತು, ಕೇಳೋ ಹಾಗಿರಲಿಲ್ಲ. ಆ ತೋಟದಿಂದ ನಾವು ಬೇಸಾಯ ಕಲಿಯಲಿಲ್ಲ. ಅದನ್ನು ಮನೆಯಲ್ಲೇ ಕಲಿತಿದ್ವಿ. ಶಾಲೆ ಹೊಸದಾಗಿ ಕಲಿಸಿದ್ದು ದುಡಿಯೋರು ಬೇರೆ, ಉಣ್ಣೋರು ಬೇರೆ ಅನ್ನೋ ಪಾಠವನ್ನು.

ಈ ಚರ್ಚೆ ಹೊಸದೇನಲ್ಲ. 1937ರ ಅಕ್ಟೋಬರ್‌ನಲ್ಲಿ ವಾರ್ಧಾದಲ್ಲಿ ಗಾಂಧೀಜಿ ಶಿಕ್ಷಣ ಸಮ್ಮೇಳನ ಕರೆದರು. ಕೈಕೆಲಸದ ಮೂಲಕವೇ ಓದು-ಬರಹ-ಗಣಿತ ಕಲಿಸಬೇಕು, ಮಕ್ಕಳು ತಯಾರಿಸಿದ್ದರ ಆದಾಯದಲ್ಲೇ ಶಾಲೆಯ ಖರ್ಚು ಹುಟ್ಟಬೇಕು ಅನ್ನೋದು ಅವರ ಆಸೆ. ನಯೀ ತಾಲೀಮ್ ಹುಟ್ಟಿದ್ದು ಹಾಗೆ. ಆ ಯೋಜನೆಗೆ ರೂಪ ಕೊಟ್ಟ ಜಾಕಿರ್ ಹುಸೇನ್ ಸಮಿತಿಯೇ ತನ್ನ ವರದಿಯಲ್ಲಿ ಎಚ್ಚರಿಕೆಯನ್ನೂ ಬರೆದಿತ್ತು: ಆದಾಯದ ಕಡೆಗೇ ಗಮನ ಹೆಚ್ಚಾದರೆ ಶಿಕ್ಷಣದ ಉದ್ದೇಶ ಹಿಂದೆ ಬೀಳುತ್ತೆ, ಮಕ್ಕಳಿಂದ ಆದಷ್ಟು ದುಡಿಮೆ ಹಿಂಡೋದೇ ಮೇಷ್ಟ್ರ ಕೆಲಸವಾಗಿಬಿಡುತ್ತೆ ಅಂತ. ಆಮೇಲೆ 1964-66ರ ಕೊಠಾರಿ ಆಯೋಗ 'ಕಾರ್ಯಾನುಭವ' ಅಂದಿತು. 1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿ ಅದನ್ನೇ 'ಎಸ್‌ಯುಪಿಡಬ್ಲ್ಯು' ಮಾಡಿತು. ಅದನ್ನು ಓದಿ ಬಂದವರು 'ಸಮ್ ಯೂಸ್‌ಫುಲ್ ಪೀರಿಯಡ್ ವೇಸ್ಟೆಡ್' ಅಂತ ಬಿಡಿಸಿ ಹೇಳಿ ನಕ್ಕರು. 2019ರ ಅಕ್ಟೋಬರ್‌ನಲ್ಲಿ ಕೇಂದ್ರ ಶಿಕ್ಷಣ ಇಲಾಖೆ ಬಿಸಿಯೂಟದ ಜೊತೆಗೆ ಶಾಲಾ ಪೌಷ್ಟಿಕ ಕೈತೋಟಗಳಿಗೆ ಮಾರ್ಗಸೂಚಿ ಹೊರಡಿಸಿತು. ಎಂಬತ್ತು ವರ್ಷಕ್ಕೂ ಮಿಕ್ಕಿ ನಾವು ಹೆಸರು ಬದಲಾಯಿಸ್ತಾ ಬಂದಿದ್ದೇವೆ. ತೋಟ ಯಾರದ್ದು ಅನ್ನೋ ಪ್ರಶ್ನೆ ಮಾತ್ರ ಇದ್ದಲ್ಲೇ ಇದೆ.

ಶಾಲಾ ತೋಟದ ವಿರುದ್ಧ ಒಂದು ಗಟ್ಟಿಯಾದ ವಾದ ಇದೆ. ಅದನ್ನು ಹಳ್ಳಿಯ ಯಾವ ತಾಯಿ ಬೇಕಾದ್ರೂ ಹೇಳ್ತಾಳೆ: "ಮಣ್ಣು ಹೊರೋಕೆ ಮನೇಲೇ ಹೊಲ ಐತಲ್ಲ ಸಾ, ಅದಕ್ಕೆ ಇಸ್ಕೂಲಿಗೆ ಯಾಕೆ ಕಳಿಸ್ಬೇಕು?" ಇದೇ ಮಾತು ಅಮೆರಿಕದಲ್ಲೂ ಎದ್ದಿತ್ತು. ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಹೋಟೆಲ್ ನಡೆಸುವ ಆಲಿಸ್ ವಾಟರ್ಸ್ 1995ರಲ್ಲಿ ಅಲ್ಲಿನ ಒಂದು ಮಿಡ್ಲ್ ಸ್ಕೂಲಿನ ಎಕರೆ ಜಾಗದಲ್ಲಿ 'ಎಡಿಬಲ್ ಸ್ಕೂಲ್‌ಯಾರ್ಡ್' ಶುರು ಮಾಡಿದರು. ಮಕ್ಕಳು ಬೆಳೆದು, ಅಡುಗೆ ಮಾಡಿ, ಒಟ್ಟಿಗೆ ಕೂತು ಉಣ್ಣೋ ತೋಟ. ಅದು ಜಗತ್ತಿಗೇ ಮಾದರಿ ಅನ್ನಿಸಿಕೊಂಡಿತು. 2010ರಲ್ಲಿ ಕೇಟ್ಲಿನ್ ಫ್ಲಾನಗನ್ 'ದಿ ಅಟ್ಲಾಂಟಿಕ್' ಪತ್ರಿಕೆಯಲ್ಲಿ ಅದರ ಮೇಲೆ ಹರಿಹಾಯ್ದರು. ಹೊಲಗಳಲ್ಲಿ ಲೆಟಿಸ್ ಸೊಪ್ಪು ಕೀಳುವ ವಲಸೆ ಕಾರ್ಮಿಕನ ಮಗ ದೊಡ್ಡ ಶಾಲೆಗೆ ಬರ್ತಾನೆ; ಆ ಶಾಲೆ ಅವನನ್ನು ಸೊಪ್ಪು ಕೀಳೋಕೆ ಕಳಿಸುತ್ತೆ. ಅವನಿಗೆ ಬೇಕಿರೋದು ಓದು, ಗಣಿತ. ನೀವು ಕೊಡ್ತಿರೋದು ಅವನಪ್ಪ ಬಿಟ್ಟು ಬರಬೇಕು ಅಂತಿದ್ದ ಕೆಲಸ. ಇದು ಅವರ ವಾದದ ತಿರುಳು.

ಈ ವಾದವನ್ನು ತಳ್ಳಿಹಾಕುವಂತಿಲ್ಲ. ನಮ್ಮಲ್ಲಿ ಹಳ್ಳಿಯಿಂದ ಬಂದು ಇಂಜಿನಿಯರ್ ಆದವರೆಲ್ಲರ ಹಿಂದೆಯೂ "ನಮ್ ಹಂಗೆ ಮಣ್ಣಲ್ಲಿ ಸಾಯ್ಬೇಡ" ಅಂದ ಅಪ್ಪನೋ ಅಮ್ಮನೋ ಇದ್ದಾರೆ. ವಾರಾಂತ್ಯಕ್ಕೆ ಸಾವಯವ ಕೃಷಿಯ ಕನಸು ಕಾಣೋ ನಾವು ಅವರಿಗೆ ಮಣ್ಣಿನ ಮಹಿಮೆ ಬೋಧಿಸಿದರೆ ನಗ್ತಾರೆ. ನಗಬೇಕಾದ್ದೇ.

ಆದರೆ ಆ ತಾಯಿಗೂ ಫ್ಲಾನಗನ್‌ಗೂ ನಾನು ಒಂದು ಪ್ರಶ್ನೆ ಕೇಳ್ತೀನಿ. ರೈತನ ಮಗಳಿಗೆ ಮನೆಯ ಹೊಲದಲ್ಲಿ ಸಿಗದೇ ಇರೋದು ಏನು? ದುಡಿಮೆ ಬೇಕಾದಷ್ಟು ಸಿಗುತ್ತೆ. ಸಿಗದೇ ಇರೋದು ನಿರ್ಧಾರ. ಯಾವ ಬೆಳೆ ಅಂತ ಅಪ್ಪ ಹೇಳ್ತಾನೆ. ಯಾವ ಔಷಧಿ ಅಂತ ಅಂಗಡಿಯವನು ಅಪ್ಪನಿಗೆ ಹೇಳ್ತಾನೆ. ಬೆಲೆ ಎಷ್ಟು ಅಂತ ಮಂಡಿಯವನು ಹೇಳ್ತಾನೆ. ಸಾಲ ಎಷ್ಟಿದೆ ಅಂತ ಮನೆಯಲ್ಲಿ ಯಾರೂ ಬಾಯಿ ಬಿಡಲ್ಲ. ತಪ್ಪು ಮಾಡಿ ಕಲಿಯೋಕೆ ಅಲ್ಲಿ ಅವಕಾಶವೇ ಇಲ್ಲ, ಒಂದು ಬೆಳೆ ಹೋದರೆ ವರ್ಷವೇ ಹೋಯ್ತು. ಶಾಲೆಯ ತೋಟದಲ್ಲಿ ಒಂದು ಮಡಿ ಹಾಳಾದರೆ ಯಾರ ಮನೆಯೂ ಮುಳುಗಲ್ಲ. ಎರಡು ಮಡಿಗೆ ಹರಿವೆ ಹಾಕಿ, ಒಂದಕ್ಕೆ ಹಟ್ಟಿಗೊಬ್ಬರ ಕೊಟ್ಟು ಇನ್ನೊಂದಕ್ಕೆ ಕೊಡದೆ, ಇಪ್ಪತ್ತೈದು-ಮೂವತ್ತು ದಿನಕ್ಕೆ ಕಿತ್ತು ತೂಗಿ ನೋಡಬಹುದು. ವ್ಯತ್ಯಾಸವನ್ನು ಗ್ರಾಫ್ ಮಾಡಬಹುದು. ಸಂತೆಯಲ್ಲಿ ಕಟ್ಟಿಗೆ ಎಷ್ಟು, ನಮ್ಮ ಕಟ್ಟಿಗೆ ಎಷ್ಟು ಖರ್ಚು ಬಿತ್ತು ಅಂತ ಲೆಕ್ಕ ಹಾಕಬಹುದು. ಶೇಕಡಾವಾರು, ಸರಾಸರಿ, ಲಾಭ-ನಷ್ಟ ಎಲ್ಲ ಇದರಲ್ಲೇ ಇದೆ. ಆ ತಾಯಿ ಬೇಕು ಅಂದ ಗಣಿತ ಇದೇ. ಆದರೆ ಪುಸ್ತಕ ಮಗಳ ಕೈಯಲ್ಲಿದ್ದಾಗ ಮಾತ್ರ. ಅವಳ ಕೈಗೆ ಕೊಡ ಮಾತ್ರ ಕೊಟ್ಟರೆ ತಾಯಿ ಹೇಳಿದ್ದೇ ಸರಿ, ಫ್ಲಾನಗನ್ ಹೇಳಿದ್ದೇ ಸರಿ.

ಇನ್ನೊಂದು ವಿಷಯ, ನಮ್ಮ ಹಸಿರು ಪೋಸ್ಟ್‌ಗಳಲ್ಲಿ ಯಾರೂ ಎತ್ತದೇ ಇರೋದು. ಶಾಲೆಯಲ್ಲಿ ಕೆಲಸ ಅಂದ ಕೂಡಲೇ ಯಾರನ್ನು ಕರೀತಾರೆ? ಕಸ ಗುಡಿಸೋಕೆ ಹುಡುಗಿಯರು. ಗುಂಡಿ ತೋಡೋಕೆ 'ಅಭ್ಯಾಸ ಇರೋ' ಹುಡುಗರು. ಯಾವ ಕೇರಿಯ ಹುಡುಗರಿಗೆ ಅಭ್ಯಾಸ ಇದೆ ಅಂತ ಊರೇ ತೀರ್ಮಾನ ಮಾಡಿಟ್ಟಿರುತ್ತೆ. 2023ರ ಡಿಸೆಂಬರ್‌ನಲ್ಲಿ ಮಾಲೂರು ತಾಲೂಕಿನ ಮೊರಾರ್ಜಿ ದೇಸಾಯಿ ವಸತಿ ಶಾಲೆಯೊಂದರಲ್ಲಿ ದಲಿತ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿ ಸ್ವಚ್ಛ ಮಾಡಿಸಿದ್ದು ಹೊರಬಂದಾಗ ರಾಜ್ಯವೇ ಬೆಚ್ಚಿತು. ಗುಂಡಿಗೂ ತೋಟಕ್ಕೂ ಅಜಗಜಾಂತರ, ನಿಜ. ಆದರೆ ಯಾವ ಮಗುವನ್ನು ಯಾವ ಕೆಲಸಕ್ಕೆ ಕಳಿಸಬಹುದು ಅಂತ ದೊಡ್ಡವರೇ ತೀರ್ಮಾನಿಸುವ ಕಡೆ, ಜಾತಿ ತಾನಾಗಿ ಬಂದು ಕೆಲಸ ಹಂಚಿಬಿಡುತ್ತೆ. ಇಂಥ ಪ್ರಕರಣಗಳಾದ ಮೇಲೆ ಎಷ್ಟೋ ಮುಖ್ಯ ಶಿಕ್ಷಕರು ಮಗುವಿನ ಕೈಗೆ ಗುದ್ದಲಿ ಕೊಡೋಕೇ ಹೆದರ್ತಾರೆ. ಯಾರೋ ಮೊಬೈಲಿನಲ್ಲಿ ಫೋಟೋ ಹೊಡೆದು ವಾಟ್ಸಾಪಿಗೆ ಬಿಟ್ಟರೆ ಸಸ್ಪೆಂಡ್. ಅವರ ಹೆದರಿಕೆ ಸುಳ್ಳಲ್ಲ.

ಇದಕ್ಕೆ ಉತ್ತರ ಗುದ್ದಲಿಯನ್ನು ಬೀರುವಿನಲ್ಲಿ ಬೀಗ ಹಾಕಿಡೋದಲ್ಲ. ಮಕ್ಕಳೇ ಸಭೆ ಕೂತು ಬರೆದ ಪಾಳಿ ಪಟ್ಟಿ ಗೋಡೆಗೆ ಅಂಟಿರಲಿ. ಹಾಜರಿ ಪುಸ್ತಕದ ಕ್ರಮದಲ್ಲೇ ಪಾಳಿ ಬರಲಿ. ಪಂಚಾಯ್ತಿ ಅಧ್ಯಕ್ಷರ ಮಗನಿಗೂ ಗೊಬ್ಬರ ಹೊರೋ ಸರದಿ ಬರಲಿ, ಕೂಲಿಯವರ ಮಗಳಿಗೂ ದುಡ್ಡೆಣಿಸೋ ಸರದಿ ಬರಲಿ. ಶೌಚಾಲಯ, ಗುಂಡಿ, ಮೇಷ್ಟ್ರ ಮನೆಗೆಲಸ ಪಟ್ಟಿಯಲ್ಲೇ ಇರಬಾರದು. ಗೋಡೆ ಮೇಲೆ ಎಲ್ಲರಿಗೂ ಕಾಣೋ ಪಟ್ಟಿ ಇದ್ದರೆ ಹೆಚ್‌ಎಂಗೂ ಅದೇ ರಕ್ಷಣೆ.

ಇನ್ನು ತೋಟದಿಂದ ಏನನ್ನು ನಿರೀಕ್ಷಿಸಬಹುದು? ಬಿಸಿಯೂಟದ ನಿಯಮದ ಪ್ರಕಾರ ಪ್ರಾಥಮಿಕ ಹಂತದ ಒಂದು ಮಗುವಿಗೆ ದಿನಕ್ಕೆ 50 ಗ್ರಾಂ ತರಕಾರಿ, ಹಿರಿಯ ಪ್ರಾಥಮಿಕಕ್ಕೆ 75 ಗ್ರಾಂ. ನೂರು ಚಿಕ್ಕ ಮಕ್ಕಳ ಶಾಲೆ ಅಂದರೆ ದಿನಕ್ಕೆ 5 ಕೆ.ಜಿ. ವರ್ಷಕ್ಕೆ 200 ದಿನ ಹಿಡಿದರೂ ಒಂದು ಟನ್. ರಜೆಗಳ ನಡುವೆ, ಮಳೆ ನೆಚ್ಚಿಕೊಂಡು, ಮಕ್ಕಳ ಕೈಯಲ್ಲಿ ನಡೆಯುವ ಒಂದೆರಡು ಗುಂಟೆಯ ತೋಟದಿಂದ ಅಷ್ಟನ್ನು ನಿರೀಕ್ಷಿಸೋದು ಆಗದ ಮಾತು. ಬೇಳೆ, ತರಕಾರಿ, ಎಣ್ಣೆ, ಮಸಾಲೆ, ಗ್ಯಾಸು ಎಲ್ಲ ಸೇರಿ ಪ್ರಾಥಮಿಕ ಹಂತದ ಮಗುವಿನ ಒಂದು ಊಟಕ್ಕೆ 2022ರ ಅಕ್ಟೋಬರ್‌ನಲ್ಲಿ ಗೊತ್ತು ಮಾಡಿದ್ದು 5 ರೂಪಾಯಿ 45 ಪೈಸೆ. 2025ರ ಮೇ ತಿಂಗಳಿಗೆ ಅದು ಏರಿದ್ದು 6 ರೂಪಾಯಿ 78 ಪೈಸೆಗೆ. ಆಫೀಸಿನ ಪಕ್ಕದ ದರ್ಶಿನಿಯಲ್ಲಿ ಈ ದುಡ್ಡಿಗೆ ಅರ್ಧ ಕಾಫಿಯೂ ಬರಲ್ಲ. ಹಾಗಾಗಿ "ಶಾಲೆಯವರೇ ತರಕಾರಿ ಬೆಳ್ಕೊಳ್ಲಿ" ಅಂತ ಯಾರಾದ್ರೂ ಅಂದರೆ ಅವರ ಕಣ್ಣು ಆ 6 ರೂಪಾಯಿ ಮೇಲಿದೆ ಅಂತಲೇ ತಿಳೀರಿ. ಕೈತೋಟದ ನೆಪದಲ್ಲಿ ಮಕ್ಕಳ ಊಟದ ಅನುದಾನ ಕಡಿಮೆ ಮಾಡೋ ಮಾತು ಎಲ್ಲಿ ಬಂದರೂ ವಿರೋಧಿಸಬೇಕು.

ತೋಟದಿಂದ ಆಗುವ ಕೆಲಸ ಬೇರೆ ಇದೆ. ಹರಿವೆ, ಮೆಂತ್ಯ, ಬಸಳೆ, ನುಗ್ಗೆಸೊಪ್ಪು, ಕರಿಬೇವು ಸಾರಿನ ಪಾತ್ರೆಗೆ ತಾಜಾ ಬೀಳಬಹುದು. ಊಟವಾದ ಮೇಲೆ ಮಕ್ಕಳು ಕೈ, ತಟ್ಟೆ ತೊಳೆಯೋ ನೀರು ಬಾಳೆ, ಪಪ್ಪಾಯಿ ಬುಡಕ್ಕೆ ಹರಿಯಬಹುದು. ತರಕಾರಿ ಸಿಪ್ಪೆ ಗೊಬ್ಬರ ಆಗಬಹುದು. ಆ ಸೊಪ್ಪನ್ನು ಅಡುಗೆಮನೆ ಪುಕ್ಕಟೆ ಎತ್ತಿಕೊಳ್ಳಬಾರದು. ಆ ವಾರದ ಸಂತೆ ದರಕ್ಕೆ ಮಕ್ಕಳಿಂದ ಕೊಳ್ಳಬೇಕು. ಆ ದುಡ್ಡು ಮಕ್ಕಳ ಪುಸ್ತಕಕ್ಕೆ ಜಮಾ ಆಗಬೇಕು. ಬೆಂಗಳೂರಿನಂಥ ಕಡೆ ಎಷ್ಟೋ ಶಾಲೆಗಳಿಗೆ ಊಟ ಹೊರಗಿನ ದೊಡ್ಡ ಅಡುಗೆಮನೆಯಿಂದ ವ್ಯಾನಿನಲ್ಲಿ ಬರುತ್ತೆ. ಶಾಲೆಯಲ್ಲಿ ಒಲೆಯೇ ಇಲ್ಲ. ನಮ್ಮ ಬಸ್ಸುಗಳು ಹೋಗಿ 'ಕಿಚನ್ ಗಾರ್ಡನ್' ಮಾಡಿ ಬರೋದು ಇಂಥ ಕಿಚನ್ನೇ ಇಲ್ಲದ ಶಾಲೆಗಳಲ್ಲಿ! ಅಲ್ಲಿ ಮಕ್ಕಳು ಸಂಜೆ ಗೇಟಿನ ಹತ್ತಿರ, ಕರೆದುಕೊಂಡು ಹೋಗೋಕೆ ಬಂದ ಅಪ್ಪ-ಅಮ್ಮಂದಿರಿಗೆ ಸೊಪ್ಪಿನ ಕಟ್ಟು ಮಾರಲಿ. ಉಳಿದದ್ದನ್ನು ಏನು ಮಾಡೋದು ಅಂತ ಅವರೇ ಜಗಳ ಆಡಿ ತೀರ್ಮಾನಿಸಲಿ.

ಇದನ್ನೆಲ್ಲ ನಡೆಸೋಕೆ ಹೊಸ ಸಮಿತಿ ಬೇಕಿಲ್ಲ. ನಮ್ಮ ಸರ್ಕಾರಿ ಶಾಲೆಗಳಲ್ಲಿ ಶಾಲಾ ಮಂತ್ರಿಮಂಡಲ ಆಗಲೇ ಇದೆ. ಶಾಲೆ ಶುರುವಾದ ಹೊಸದರಲ್ಲಿ ಚುನಾವಣೆ ನಡೆಯುತ್ತೆ. ನಾಮಪತ್ರ, ಪ್ರಚಾರ, ಶಾಯಿ ಗುರುತು, ಪ್ರಮಾಣ ವಚನ ಎಲ್ಲ ಜೋರಾಗಿರುತ್ತೆ. ಮುಖ್ಯಮಂತ್ರಿ, ಆರೋಗ್ಯ ಮಂತ್ರಿ, ಕ್ರೀಡಾ ಮಂತ್ರಿ ಜೊತೆಗೆ ಒಬ್ಬ ಕೃಷಿ ಮಂತ್ರಿಯೋ ತೋಟಗಾರಿಕೆ ಮಂತ್ರಿಯೋ ಇರ್ತಾಳೆ. ಆಮೇಲೆ ಅವಳ ಕೆಲಸ ಏನು? ನೀರು ಹಾಕದ ಹುಡುಗರ ಹೆಸರು ಬರೆದು ಮೇಷ್ಟ್ರಿಗೆ ಕೊಡೋದು. ಖಾತೆ ಇದೆ, ಖಜಾನೆ ಇಲ್ಲ. ಮಂತ್ರಿ ಅನ್ನೋ ಹೆಸರಿಟ್ಟು ಮೇಸ್ತ್ರಿ ಕೆಲಸ ಕೊಟ್ಟಿದ್ದೇವೆ.

ಖಜಾನೆ ಕೊಡಿ. ವರ್ಷಕ್ಕೆ ಎರಡು-ಮೂರು ಸಾವಿರ ರೂಪಾಯಿ ಸಾಕು. ಬೀಜ ಯಾವುದು, ಎಲ್ಲಿಂದ, ಎಷ್ಟಕ್ಕೆ ಅಂತ ಸಂಪುಟ ಸಭೆ ತೀರ್ಮಾನ ಮಾಡಲಿ. ಮೆಣಸಿನಕಾಯಿಗೆ ಮುಟುರು ರೋಗ ಬಂದು ಮಡಿಯೆಲ್ಲ ಹೋದರೆ ಹೋಗಲಿ. ಮುಂದಿನ ಸಭೆಯಲ್ಲಿ ಯಾಕೆ ಹೋಯ್ತು ಅಂತ ಆ ಮಂತ್ರಿ ಉತ್ತರ ಕೊಡಲಿ. ದೊಡ್ಡವರು ನಡುವೆ ನುಗ್ಗಿ ಕಾಪಾಡೋದು ಬೇಡ. ಕ್ಯಾಲೆಂಡರ್ ಅವರೇ ಬರೆಯಲಿ: ಜೂನ್‌ನಲ್ಲಿ ಸೊಪ್ಪು, ಅವರೆ, ಹೀರೆ, ದಸರಾ ರಜೆ ಮುಗಿಸಿ ಬಂದು ಇನ್ನೊಂದು ಸುತ್ತು, ಮಾರ್ಚ್ ಹೊತ್ತಿಗೆ ಮಡಿ ಖಾಲಿ ಮಾಡಿ, ನುಗ್ಗೆ-ಕರಿಬೇವಿನ ಬುಡಕ್ಕೆ ತರಗು ಹೊದಿಸಿ, ರಜೆಯಲ್ಲಿ ನೀರಿಗೆ ಯಾರ ಪಾಳಿ, ಬೀಗದ ಕೈ ಯಾರ ಹತ್ತಿರ ಅಂತ ಬರೆದಿಡೋದು. ಬೇಲಿಯೋ ನೀರೋ ಸಾಲದಿದ್ದರೆ ಮಕ್ಕಳ ಗ್ರಾಮಸಭೆಯಲ್ಲಿ ಎದ್ದು ನಿಂತು ಪಂಚಾಯ್ತಿಯವರನ್ನು ಕೇಳಲಿ. ಆ ಸಭೆ ಇರೋದೇ ಅದಕ್ಕೆ.

ಮೇಷ್ಟ್ರಿಗೆ ಇದು ಇನ್ನೊಂದು ಹೊರೆ ಅಲ್ವಾ ಅಂತ ಕೇಳಬಹುದು. ಜನಗಣತಿ, ಚುನಾವಣೆ, ಎಸ್‌ಎಟಿಎಸ್ ಎಂಟ್ರಿ, ಮೊಟ್ಟೆ-ಬಾಳೆಹಣ್ಣಿನ ಲೆಕ್ಕ ಎಲ್ಲ ಆಗಲೇ ಅವರ ತಲೆ ಮೇಲಿದೆ. ಅದಕ್ಕೇ ನಾನು ಮಕ್ಕಳೇ ನಡೆಸಲಿ ಅನ್ನೋದು. ಮೇಷ್ಟ್ರು ನಡೆಸುವ ತೋಟ ಮೇಷ್ಟ್ರಿಗೆ ವರ್ಗಾವಣೆ ಆದ ದಿನ ಸಾಯುತ್ತೆ. ಮಕ್ಕಳು ನಡೆಸುವ ತೋಟದಲ್ಲಿ ಏಳನೇ ಕ್ಲಾಸಿನವರು ಆರನೇ ಕ್ಲಾಸಿನವರಿಗೆ ಪುಸ್ತಕ ಒಪ್ಪಿಸಿ ಹೋಗ್ತಾರೆ. ಮೇಷ್ಟ್ರು ವಾರಕ್ಕೊಮ್ಮೆ ಲೆಕ್ಕ ನೋಡಿ, ಕಷ್ಟದ ಒಂದು ಪ್ರಶ್ನೆ ಕೇಳಿದರೆ ಸಾಕು.

ಈಗ ನಮ್ಮ ಸರದಿ. 2013ರ ಕಂಪನಿ ಕಾಯಿದೆ ಬಂದ ಮೇಲೆ ದೊಡ್ಡ ಕಂಪನಿಗಳು ಲಾಭದ ಶೇ. 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಲೇಬೇಕು. ಖರ್ಚಿಗೆ ವರದಿ ಬೇಕು, ವರದಿಗೆ ಸಂಖ್ಯೆ ಬೇಕು. 'ನೆಟ್ಟ ಸಸಿ 500' ಅನ್ನೋದು ಸುಲಭದ ಸಂಖ್ಯೆ. 'ಹನ್ನೊಂದು ವರ್ಷದ ಹುಡುಗಿ ಬರೆದ ಲೆಕ್ಕದಲ್ಲಿ 40 ರೂಪಾಯಿ ತಾಳೆ ಆಗಲಿಲ್ಲ, ಮೂರು ದಿನ ಹುಡುಕಿದಳು' ಅನ್ನೋದಕ್ಕೆ ಸ್ಲೈಡಿನಲ್ಲಿ ಜಾಗ ಇಲ್ಲ. ಆದರೆ ಕಲಿಕೆ ನಡೆಯೋದು ಆ ಮೂರು ದಿನದಲ್ಲಿ.

ಹಾಗಾಗಿ ದಯವಿಟ್ಟು ಜೂನ್ 5ಕ್ಕೆ ಹೋಗಬೇಡಿ. ಫೆಬ್ರವರಿಯಲ್ಲಿ ಇಬ್ಬರೋ ಮೂವರೋ ಹೋಗಿ, ಟೀ ಶರ್ಟ್ ಇಲ್ಲದೆ, ಬ್ಯಾನರ್ ಇಲ್ಲದೆ. ಮಂತ್ರಿಮಂಡಲದ ಜೊತೆ ಕೂತು ಏನು ಬೇಕು ಅಂತ ಕೇಳಿ. ದನ, ಮೇಕೆ ನುಗ್ಗದ ಹಾಗೆ ಬೇಲಿ ಬೇಕು ಅಂತಾರೆ. ಒಂದು ಡ್ರಮ್, ಪೈಪು, ನಲ್ಲಿ ಬೇಕು ಅಂತಾರೆ. ತಕ್ಕಡಿ ಬೇಕು ಅಂತಾರೆ. ಅದನ್ನು ಕೊಡಿಸಿ. ಕಂಪನಿಯ ಹೆಸರಿನ ಬೋರ್ಡು ನೆಡಬೇಡಿ, ಅದಕ್ಕೆ ನೀರು ಹಾಕೋದೇ ಬೇಡ, ಅದೊಂದೇ ಬದುಕಿಕೊಳ್ಳುತ್ತೆ. ಮಕ್ಕಳಿಗೆ ಕೊಟ್ಟ ದುಡ್ಡಿನ ಲೆಕ್ಕ ವಕ್ರ ಅಕ್ಷರದಲ್ಲಿ, ತಪ್ಪು ಕೂಡಿಕೆಯಲ್ಲಿ ಬಂದರೆ ಹಾಗೇ ತಗೊಳ್ಳಿ, ಎಕ್ಸೆಲ್ ಟೆಂಪ್ಲೇಟ್ ಕಳಿಸಬೇಡಿ. ನಿಮ್ಮ ಮಗು ಓದೋ ದುಬಾರಿ ಶಾಲೆಯಲ್ಲೂ ಮುಂದಿನ ಪೇರೆಂಟ್ಸ್ ಮೀಟಿಂಗಿನಲ್ಲಿ ಕೇಳಿ: ಇಲ್ಲಿ ಕಳೆ ಕೀಳೋರು ಯಾರು? ಏನು ಬಿತ್ತಬೇಕು ಅಂತ ಹೇಳೋರು ಯಾರು?

ಈ ಸಲವೂ ಆ ಮೇಲ್ ಬರುತ್ತೆ, ಟೀ ಶರ್ಟ್ ಸೈಜ್ ಕೇಳುತ್ತೆ. ರಿಪ್ಲೈ ಆಲ್ ಒತ್ತಿ ಎರಡೇ ಪ್ರಶ್ನೆ ಬರೀರಿ. ಏಪ್ರಿಲ್‌ನಲ್ಲಿ ನೀರು ಹಾಕೋರು ಯಾರು? ಲೆಕ್ಕದ ಪುಸ್ತಕ ಯಾರ ಕೈಯಲ್ಲಿದೆ? ಎರಡಕ್ಕೂ ಉತ್ತರ ಇದ್ದರೆ ಬಸ್ಸಿನಲ್ಲಿ ನನಗೂ ಒಂದು ಸೀಟು ಹಿಡಿದಿಡಿ, ಗುದ್ದಲಿ ನಂದೇ ತರ್ತೀನಿ. ಇಲ್ಲದಿದ್ದರೆ ಆ ಶನಿವಾರ ಮಕ್ಕಳನ್ನು ಅವರ ಪಾಡಿಗೆ ಕಬಡ್ಡಿ ಆಡೋಕೆ ಬಿಡಿ.